ನೆಲದ ಮೇಲೆ ನಡೆಸಿ ನೋಡುತ್ತಿದ್ದ ಅಕ್ಕ

ಅಕ್ಕನ ಚೂಡಿದಾರದ ಮಂಡಿಯ ಮೇಲೆ ಯಾವಾಗಲೂ ಎರಡು ಬಿಳಿ ಕಲೆ. ಹೊಸ ಬಟ್ಟೆ ಹಾಕಿಕೊಂಡು ಬಂದ ದಿನವೂ ಅಷ್ಟೆ, ಮಧ್ಯಾಹ್ನದ ಊಟದ ಹೊತ್ತಿಗೆ ಕಲೆ ಹಾಜರು. ಸೀಮೆಸುಣ್ಣದ ಕಲೆ, ಕೊಡವಿದರೆ ಹೋಗುವಂಥದ್ದು. ಅಕ್ಕ ಕೊಡವುತ್ತಿರಲಿಲ್ಲ. ಸಂಜೆ ವಿರೂಪಾಕ್ಷಿಪುರದ ಬಸ್ಸಿನಲ್ಲಿ ಪಕ್ಕ ಕೂತವರು ‘ಟೀಚರ್ರಾ ನೀವು?’ ಎಂದರೆ ‘ಊಂ ಕಣವ್ವ’ ಎಂದುಬಿಡುತ್ತಿದ್ದರಂತೆ. ‘ವೆಬ್‌ಸೈಟ್ ಮಾಡ್ತೀನಿ ಅಂದ್ರೆ ಊರು ಬರೋಗಂಟ ಬಿಡ್ಸಿ ಬಿಡ್ಸಿ ಹೇಳ್ತಾ ಕೂತ್ಕಬೇಕು, ಯಾರಿಗ್ ಬೇಕೇ ಆ ಗೋಳು’ ಎಂದು ನನ್ನ ಹತ್ತಿರ ನಗುತ್ತಿದ್ದರು.

ನಮ್ಮ ಆಫೀಸು ರಾಮನಗರದಲ್ಲಿ, ಸೈಕಲ್ ಅಂಗಡಿಯೊಂದರ ಮಹಡಿಯ ಮೇಲೆ. ಆಫೀಸೆಂದರೆ ಒಂದು ಕೋಣೆ, ಎರಡು ಮೇಜು, ಎರಡು ಕಂಪ್ಯೂಟರು, ನಾನು ಅಕ್ಕ ಎಂದು ಕರೆಯುತ್ತಿದ್ದ ಅದರ ಒಡತಿ, ಕೆಲಸಕ್ಕೆ ಸೇರಿದ ನಾನು. ಕಿಟಕಿಯ ಕೆಳಗೇ ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೋಗುವ ರಸ್ತೆ. ಬೆಳಗಾದರೆ ಗೂಡಿನ ಚೀಲ ಹೇರಿಕೊಂಡ ಆಟೋ, ಟೆಂಪೋಗಳ ಗಲಾಟೆ. ‘ಮುಚ್ಚೇ ಆ ಕಿಟ್ಕೀನ, ತಲೆ ಚಿಟ್ ಹಿಡಿದೋಯ್ತದೆ’ ಎನ್ನುವುದು ಅಕ್ಕನ ದಿನದ ಮೊದಲ ಮಾತು. ನಾನು ಮುಚ್ಚುತ್ತಿದ್ದೆ. ಆಮೇಲೆ ಕಸ ಗುಡಿಸಿ ನೆಲ ಒರೆಸಬೇಕು. ಕೆಂಪು ಗಾರೆಯ ನೆಲ, ಕನ್ನಡಿಯ ಹಾಗೆ ಇರಬೇಕು. ಬಿ.ಸಿ.ಎ. ಓದಿ ಕನಕಪುರದಿಂದ ಇಷ್ಟು ದೂರ ನೆಲ ಒರೆಸಲು ಬಂದೆನಲ್ಲಪ್ಪಾ ಎಂದು ಮೊದಲ ವಾರವೆಲ್ಲ ಉರಿದುಕೊಂಡಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಅದು ಈಗಲೂ ಹೋಗಿಲ್ಲ.

ಆ ನೆಲ ಯಾಕೆ ಬೇಕಿತ್ತು ಅನ್ನುವುದು ಮೊದಲ ಗಿರಾಕಿ ಬಂದಾಗ ತಿಳಿಯಿತು. ಚನ್ನಪಟ್ಟಣದ ಗೊಂಬೆ ಅಂಗಡಿಯವರು. ಕುರ್ಚಿಯ ತುದಿಯಲ್ಲಿ ಕೂತು, ‘ಮೇಡಂ, ಈಗ ಎಲ್ರೂ ಮಾಡುಸ್ತಾವ್ರಲ್ಲ, ಆ ಹೊಸ ಫ್ರೇಮ್‌ವರ್ಕು, ನಮ್ಮ ಬಾಮೈದ ಹೇಳ್ತಿದ್ದ, ಅದ್ರಲ್ಲೇ ಮಾಡ್ಕೊಡಿ’ ಎಂದರು. ಅಕ್ಕ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಸೀಮೆಸುಣ್ಣ ಹಿಡಿದು, ಮಂಡಿಯೂರಿ ನೆಲದ ಮೇಲೆ ದೊಡ್ಡ ದೊಡ್ಡ ಚೌಕ ಬರೆಯತೊಡಗಿದರು. ಒಂದೊಂದು ಚೌಕ ವೆಬ್‌ಸೈಟಿನ ಒಂದೊಂದು ಪುಟ. ಬರೆದು ಮುಗಿಸಿ ಎದ್ದು ನಿಂತು, ‘ಚಪ್ಲಿ ಬುಟ್ಟು ಬನ್ನಿ ಅಣ್ಣ. ನೀವೀಗ ಗೊಂಬೆ ತಗಳೋಕ್ ಬಂದೋರು. ಎಲ್ಲಿ ನಿಂತ್ಕತೀರಾ? ಅಲ್ಲಿಂದ ಎಲ್ಲಿಗೋಯ್ತೀರಾ? ನಡ್ದು ತೋರ್ಸಿ’ ಎಂದರು. ಆ ಮನುಷ್ಯ ನಾಚಿಕೊಂಡೇ ನಡೆದರು. ಗೊಂಬೆಯ ಚಿತ್ರದಿಂದ ಬೆಲೆಯ ಚೌಕಕ್ಕೆ, ಅಲ್ಲಿಂದ ಫೋನ್ ನಂಬರಿನ ಚೌಕಕ್ಕೆ, ಮುಗಿಯಿತು. ಇನ್ನೂ ಉಳಿದ ಚೌಕಗಳನ್ನು ನೋಡಿ, ‘ಇವೆಲ್ಲ ಯಾಕೆ ಮೇಡಂ?’ ಎಂದು ಅವರೇ ಕೇಳಿದರು. ‘ನಿಮ್ಮ ಬಾಮೈದಂಗೆ ಬರ್ದಿದ್ದು’ ಎಂದರು ಅಕ್ಕ. ಅಂಗಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಿಗೆ ಸಾದಾ ಪುಟಗಳ ಸೈಟು ಮಾಡಿಕೊಟ್ಟೆವು, ಈಗಲೂ ಚೆನ್ನಾಗಿ ಓಡುತ್ತಿದೆ.

ಫ್ರೇಮ್‌ವರ್ಕ್ ಎಂದ ತಕ್ಷಣ ಹೆದರಬೇಡಿ. ಮನೆ ಕಟ್ಟುವವರು ಪ್ರತಿ ಸಲವೂ ಇಟ್ಟಿಗೆ ಸುಡುವುದರಿಂದ ಶುರು ಮಾಡುವುದಿಲ್ಲ. ವೆಬ್‌ಸೈಟ್ ಮಾಡುವ ನಾವೂ ಹಾಗೆಯೇ, ಯಾರೋ ಸಿದ್ಧಮಾಡಿಟ್ಟ ಚೌಕಟ್ಟನ್ನು ತೆಗೆದುಕೊಂಡು ಅದರ ಮೇಲೆ ನಮ್ಮ ಕೆಲಸ ಕೂರಿಸುತ್ತೇವೆ. ಇಂಥ ಚೌಕಟ್ಟುಗಳು ಹತ್ತಾರು ಇವೆ, ಯಾವ ಕೆಲಸಕ್ಕೆ ಯಾವುದು ಸರಿ ಎನ್ನುವುದೇ ನಮ್ಮವರ ನಿತ್ಯದ ಜಗಳ. ಅಕ್ಕ ನನಗೆ ಎರಡೇ ಜಾತಿ ಹೇಳಿಕೊಟ್ಟಿದ್ದರು. ‘ಒಂದು, ನಾವೇ ಇಲ್ಲಿ ಬೇಯ್ಸಿ, ತಟ್ಟೇಲಿ ಬಡ್ಸಿ ಕಳ್ಸೋದು. ಇನ್ನೊಂದು, ಅಕ್ಕಿ ಬೇಳೆ ಸ್ಟವ್ವು ಪಾತ್ರೆ ಎಲ್ಲಾನೂ ಗಾಡಿಗೆ ಹೇರಿ ಕಳ್ಸಿ, ಅವ್ರ ಫೋನೊಳಗೇ ಅಡ್ಗೆ ಮಾಡೋದು. ಎರಡ್ನೇದ್ರಲ್ಲಿ ಒಂದ್ಸಲ ಒಲೆ ಹತ್ಕಂಡ್ರೆ ಆಯ್ತು, ಏನ್ ಕೇಳುದ್ರೂ ಬಿಸಿಬಿಸಿ, ಕೂತಲ್ಲೇ. ಆದ್ರೆ ಆ ಗಾಡಿ ಮೊದ್ಲು ಅವ್ರ ಮನೆ ಬಾಗ್ಲಿಗೆ ಹೋಗ್ಬೇಕಲ್ಲ?’ ಚೌಕದಿಂದ ಚೌಕಕ್ಕೆ ನಡೆದು ಹೋಗಿಬಿಡುವ ಗಿರಾಕಿಗೆ ಮೊದಲನೆಯದು. ಒಂದೇ ಚೌಕದಲ್ಲಿ ದಿನವೆಲ್ಲ ನಿಂತು ಅದು ತೋರಿಸು ಇದು ಬದಲಾಯಿಸು ಎನ್ನುವವನಿಗೆ ಎರಡನೆಯದು. ಆದ್ದರಿಂದ ಬಾಯಿಮಾತು ಕೇಳಬೇಡ, ಕಾಲು ನೋಡು ಎನ್ನುತ್ತಿದ್ದರು.

ಸೇರಿದ ಹೊಸತರಲ್ಲಿ ನಾನೂ ಹೊಸ ಫ್ರೇಮ್‌ವರ್ಕಿನ ಹುಚ್ಚು ಹಿಡಿಸಿಕೊಂಡವಳೇ. ಕಲ್ಯಾಣಮಂಟಪದವರೊಬ್ಬರು ಬಂದಾಗ ‘ಅಕ್ಕಾ, ಇದನ್ನ ಅದ್ರಲ್ಲಿ ಮಾಡಣ ಅಕ್ಕಾ’ ಎಂದು ದುಂಬಾಲು ಬಿದ್ದಿದ್ದೆ. ಅಕ್ಕ ಕತ್ತೆತ್ತದೆ, ‘ಸೀರೆ ತಗಂಡ್ಬುಟ್ಟು ಆಮ್ಯಾಕೆ ಯಾರ ಮದ್ವೆ ಐತೆ ಅಂತ ಹುಡ್ಕಬ್ಯಾಡ್ವೇ’ ಎಂದರು. ನನಗೆ ಸಿಟ್ಟು ಬಂದು ಮಧ್ಯಾಹ್ನ ಅವರ ಡಬ್ಬಿಯ ಬಸ್ಸಾರು ಮುಟ್ಟಲಿಲ್ಲ. ಅವರು ತಾವೇ ನನ್ನ ತಟ್ಟೆಗೆ ಮುದ್ದೆ ಮುರಿದು ಹಾಕಿ, ‘ತಿನ್ನು, ನನ್ ಮೇಲಿನ್ ಕೋಪ ನಮ್ಮವ್ವನ ಸಾರಿನ ಮೇಲ್ಯಾಕೆ’ ಎಂದರು. ಇಂಥ ಮನುಷ್ಯರ ಹತ್ತಿರ ಕೋಪ ಎಷ್ಟು ಹೊತ್ತು ನಿಲ್ಲುತ್ತದೆ, ಹೇಳಿ.

ಆದರೆ ಅಕ್ಕನಿಗೂ ಆಸೆ ಇತ್ತು. ಅದನ್ನು ಯಾರೂ ನಂಬುವುದಿಲ್ಲ, ನಾನು ಪಕ್ಕದಲ್ಲೇ ಕೂತು ನೋಡಿದವಳು. ಊಟದ ಹೊತ್ತಿನಲ್ಲಿ ಎಡಗೈಯಲ್ಲಿ ಫೋನು ಹಿಡಿದು ಆ ಹೊಸದರ ಪಾಠ ನೋಡುತ್ತಿದ್ದರು. ತುತ್ತು ಬಾಯಿಗೆ ಹೋಗುವುದನ್ನು ಮರೆತು ಹಾಗೇ ಗಾಳಿಯಲ್ಲಿ ನಿಲ್ಲುತ್ತಿತ್ತು. ಒಂದು ದಿನ ತಾವೇ ಕಟ್ಟಿದ ಸಣ್ಣ ಪ್ರಯೋಗ ತೋರಿಸಿದರು. ಬೆರಳು ಸೋಕಿಸಿದರೆ ಸಾಕು, ಪುಟ ಬದಲಾಗದೆಯೇ ಎಲ್ಲ ಸರಸರ ಜರುಗುತ್ತಿತ್ತು. ‘ನೋಡೇ, ನೀರು ಹರ್ದಂಗೆ ಹರೀತದಲ್ಲೇ!’ ಎಂದು ಮಗುವಿನ ಹಾಗೆ ಕಣ್ಣರಳಿಸಿದರು. ಕೈಗೆ ಬಂದ ಕೆಲಸವೆಲ್ಲ ಗೊಂಬೆ ಅಂಗಡಿ, ಟೈಲರಿಂಗ್ ಕ್ಲಾಸು, ಛತ್ರ. ಎಲ್ಲರ ಕಾಲೂ ಸಾದಾ ದಾರಿಯನ್ನೇ ತೋರಿಸುತ್ತಿತ್ತು. ವರ್ಷಗಟ್ಟಲೆ ಕಲಿತದ್ದನ್ನು ಒಂದು ಸಲವೂ ಬಳಸದೆ ಇರುವುದೆಂದರೆ ಕಷ್ಟವೇ.

ಆಗ ಬಂದರು ಚಾಕಿ ಕೇಂದ್ರದ ಯಜಮಾನರು. ಮಾಗಡಿ ಕಡೆಯವರು. ರೇಷ್ಮೆಹುಳುವನ್ನು ಮೊಟ್ಟೆಯಿಂದ ಎಬ್ಬಿಸಿ, ಎರಡನೇ ಜ್ವರ ಏಳುವ ತನಕ ಸಾಕಿ ರೈತರ ಮನೆಗೆ ಕಳಿಸುವುದು ಅವರ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ, ಹುಳ ಪೊರೆ ಬಿಡುವ ಕಾಲ. ಆ ಎಳೆಯ ಹುಳಕ್ಕೆ ಚಾಕಿ ಹುಳ ಎನ್ನುತ್ತಾರೆ. ಹುಳ ಯಾವತ್ತು ಬರುತ್ತದೆ ಎನ್ನುವುದು ರೈತರಿಗೆ ಮೊದಲೇ ಗೊತ್ತಿರಬೇಕು. ಹುಳುಮನೆ ತೊಳೆದು, ಔಷಧಿ ಹೊಡೆದು, ಸೊಪ್ಪು ಕುಯ್ದಿಟ್ಟು ಕಾದಿರಬೇಕು. ಹವೆ ಬದಲಾದರೆ ತಾರೀಕು ಹಿಂದೆ ಮುಂದೆ ಆಗುತ್ತದೆ. ‘ಫೋನ್ ಮಾಡಿ ಮಾಡಿ ಗಂಟ್ಲು ಕಟ್ಟೋಗದೆ ಮೇಡಂ’ ಎಂದರು ಯಜಮಾನರು. ‘ಎಲ್ಲಾ ಮೊಬೈಲ್ನಾಗೇ ಕಾಣಂಗೆ ಮಾಡಿ. ಬುಕ್ಕಿಂಗು, ತಾರೀಕು, ಗಾಡಿ ಎಲ್ಲೈತೆ, ಎಲ್ಲಾ.’

ಅಕ್ಕ ಮಂಡಿಯೂರಿ ಕೋಣೆ ತುಂಬ ಚೌಕ ಬರೆದರು. ಬರೆದು, ‘ಒಂದಿಬ್ರು ರೈತ್ರನ್ನೂ ಕರ್ಕಂಡ್ ಬನ್ನಿ ಸಾರ್, ಅವ್ರೂ ಒಸಿ ನಡೀಲಿ’ ಎಂದರು. ಎಲ್ಲ ಗಿರಾಕಿಗಳಿಗೂ ಹೇಳುತ್ತಿದ್ದ ಮಾತೇ ಅದು. ಯಜಮಾನರು ನಕ್ಕರು. ‘ಹುಳದ ಕೆಲ್ಸ ಬುಟ್ಟು ಯಾರ್ ಬತ್ತಾರೆ ಮೇಡಂ? ಬಂದ್ರೂ ಅವ್ರಿಗೇನ್ ತಿಳೀತದೆ? ಅವ್ರ ಪರವಾಗೂ ನಾನೇ ನಡೀತೀನಿ, ತಗಳಿ’ ಎಂದು ಪಂಚೆ ಎತ್ತಿ ಕಟ್ಟಿ ಚೌಕದೊಳಗೆ ಇಳಿದೇಬಿಟ್ಟರು. ನಡೆಯಲಿಲ್ಲ, ನಡುವಿನ ಒಂದು ಚೌಕದಲ್ಲೇ ನಿಂತು ಸುತ್ತ ಕೈ ತೋರಿಸತೊಡಗಿದರು. ಇಲ್ಲೇ ಹುಳ ಕಾಣಬೇಕು, ಇಲ್ಲೇ ಗಾಡಿ ಕಾಣಬೇಕು, ಇಲ್ಲೇ ತಾರೀಕು ಬದಲಾಗಬೇಕು. ದಿನವೆಲ್ಲ ಕೇಂದ್ರದ ಮೇಜಿನ ಮುಂದೆ ಕೂರುವವರು ಮತ್ತೆ ಹೇಗೆ ತೋರಿಸಿಯಾರು? ಅಕ್ಕ ಅವರ ಕಾಲನ್ನೇ ನೋಡುತ್ತಿದ್ದರು. ಮುಖ ಅರಳಿತ್ತು. ‘ಬಂತು ನೋಡೇ ಮದ್ವೆ’ ಎಂದು ನನ್ನ ಕಿವಿಯಲ್ಲಿ ಹೇಳಿದರು. ಸೀರೆ ಉಡುವ ದಿನ ಬಂದಿತ್ತು. ಇಬ್ಬರೂ ಕಿಸಕ್ಕನೆ ನಕ್ಕೆವು.

ಹೊಸ ಫ್ರೇಮ್‌ವರ್ಕಿನಲ್ಲಿ ಅಕ್ಕ ಅದನ್ನು ಕಟ್ಟಿದ ರೀತಿ ಇದೆಯಲ್ಲ, ನಾನು ಅಷ್ಟು ಚಂದದ ಕೆಲಸ ಮತ್ತೆ ನೋಡಿಲ್ಲ. ಯಜಮಾನರು ಹಿಗ್ಗಿ ಹೀರೇಕಾಯಿಯಾದರು. ಮಾಗಡಿ ತಾಲ್ಲೂಕಿನ ಹಳ್ಳಿಹಳ್ಳಿಯ ರೈತರಿಗೆ ಲಿಂಕ್ ಕಳಿಸಿದರು. ಫೋನ್ ಮಾಡುವುದನ್ನು ನಿಲ್ಲಿಸಿದರು. ಕೇಳಿದವರಿಗೆಲ್ಲ ‘ಮೊಬೈಲ್ನಾಗೇ ಐತಲ್ಲ, ನೋಡ್ಕಳಿ’ ಎನ್ನತೊಡಗಿದರು.

ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ ಅವರದೇ ಫೋನು. ಗುಡೇಮಾರನಹಳ್ಳಿಯಲ್ಲಿ ಒಬ್ಬಾಕೆಯ ಹುಳವೆಲ್ಲ ಹೋಯಿತಂತೆ. ಸೆಕೆ ಏರಿ ಹುಳ ಬೇಗ ಎದ್ದಿತ್ತು, ಹೇಳಿದ ತಾರೀಕಿಗಿಂತ ಮೊದಲೇ ಕಳಿಸಬೇಕಾಗಿ ಬಂದಿತ್ತು, ಬದಲಾದ ತಾರೀಕನ್ನು ಸೈಟಿನಲ್ಲಿ ಹಾಕಿದ್ದರು. ಆಕೆ ನೋಡಿರಲಿಲ್ಲ. ಬಾಣಂತಿ ಮಗಳನ್ನು ನೋಡಲು ತಿಪ್ಪಸಂದ್ರಕ್ಕೆ ಹೋಗಿದ್ದಳು. ಗಾಡಿಯವನು ಹುಳದ ತಟ್ಟೆಗಳನ್ನು ಬೀಗ ಹಾಕಿದ್ದ ಹುಳುಮನೆಯ ಜಗಲಿಯ ಮೇಲಿಟ್ಟು, ಫೋನಿನಲ್ಲಿ ‘ತಲುಪಿಸಿದೆ’ ಎಂದು ಒತ್ತಿ ಹೊರಟುಹೋಗಿದ್ದ. ಆಕೆ ಬರುವಷ್ಟರಲ್ಲಿ ಇರುವೆ ಮುತ್ತಿತ್ತು.

ಅಕ್ಕ ಅವತ್ತೇ ಹೊರಟರು, ನಾನೂ ಜೊತೆಗೆ ಹೋದೆ. ಆಕೆ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒರಗಿಸುತ್ತಿದ್ದಳು. ಬೈಯುತ್ತಾಳೆ ಎಂದುಕೊಂಡು ನಾನು ಉತ್ತರ ಹೊಂದಿಸಿಕೊಂಡೇ ಹೋಗಿದ್ದೆ. ಬೈಯಲಿಲ್ಲ. ಮಜ್ಜಿಗೆ ಕೊಟ್ಟಳು. ಅಕ್ಕ, ‘ಫೋನ್ ಎಲ್ ನಿಂತ್ಕಂಡ್ ನೋಡ್ತೀರವ್ವ, ತೋರ್ಸಿ’ ಎಂದರು. ಆಕೆ ನಮ್ಮನ್ನು ಹಿಪ್ಪುನೇರಳೆ ತೋಟದ ಪಂಪ್‌ಸೆಟ್ಟಿನ ಹತ್ತಿರ ಕರೆದುಕೊಂಡು ಹೋದಳು. ದಿನದ ಹೊತ್ತೆಲ್ಲ ಆಕೆ ಇರುವುದು ಅಲ್ಲೇ, ಸೊಪ್ಪಿನ ಕೆಲಸದಲ್ಲಿ. ಲಿಂಕ್ ಒತ್ತಿದಳು. ಸಿಗ್ನಲ್ ಒಂದು ಕಡ್ಡಿ ಬರುತ್ತಿತ್ತು, ಹೋಗುತ್ತಿತ್ತು. ಪರದೆ ಬೆಳ್ಳಗಾಯಿತು. ಬೆಳ್ಳಗೇ ಉಳಿಯಿತು. ನಾವು ಮೂವರೂ ಅದನ್ನು ನೋಡುತ್ತಾ ನಿಂತಿದ್ದೆವು. ಅಕ್ಕಿ ಬೇಳೆ ಸ್ಟವ್ವು ಹೊತ್ತ ಗಾಡಿ ಈ ತೋಟಕ್ಕೆ ಒಂದು ದಿನವೂ ಬಂದಿರಲಿಲ್ಲ.

‘ಯಾವಾಗ್ಲೂ ಹಿಂಗೇಯಾ?’ ಎಂದು ಅಕ್ಕ ಕೇಳಿದರು.

‘ಊಂ ಕಣವ್ವ, ಹಿಂಗೇ ಬೆಳ್ಳಗೆ’ ಎಂದಳು ಆಕೆ. ‘ನಂಗ್ ಸರ್ಯಾಗಿ ಓದಕ್ ಬರಾಕಿಲ್ವಲ್ಲ, ಅದ್ಕೇ ನಂಗೆ ಕಾಣಾಕಿಲ್ಲ, ಓದ್ದೋರಿಗೆ ಕಾಣ್ತದೆ ಅನ್ಕಂಡಿದ್ದೆ. ಯಾರ್ನಾದ್ರೂ ಕೇಳಕ್ಕೂ ನಾಚ್ಕೆ ಆಯ್ತಿತ್ತು.’

ಅಕ್ಕ ವಾಪಸ್ ಬಸ್ಸಿನಲ್ಲಿ ಮಾಗಡಿ ದಾಟುವವರೆಗೂ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದರು. ನಾನು ಯಜಮಾನರನ್ನು ಬೈದೆ, ಗಾಡಿಯವನನ್ನು ಬೈದೆ, ನೆಟ್‌ವರ್ಕಿನವರನ್ನು ಬೈದೆ. ಬೈಗುಳಕ್ಕೆ ನನ್ನಲ್ಲಿ ಬರವಿಲ್ಲ. ಅಕ್ಕ ಕೊನೆಗೆ ನನ್ನ ಕಡೆ ತಿರುಗಿ, ‘ತನ್ದೇ ತಪ್ಪು ಅನ್ಕಂಡಿದ್ಲಲ್ಲೇ’ ಎಂದರು. ಕಣ್ಣು ತುಂಬಿತ್ತು. ‘ನಾನ್ ಸೀರೆ ಉಟ್ಕಂಡು ಮೆರ್ದೆ. ಅವ್ಳು ತನ್ ಕಣ್ಣೇ ಸರಿಯಿಲ್ಲ ಅನ್ಕಂಡ್ಲು.’ ಯಜಮಾನರು ಆಕೆಗೆ ಬೇರೆ ಹುಳ ಕಳಿಸಿಕೊಟ್ಟರು, ಮತ್ತೆ ಎಲ್ಲರಿಗೂ ಫೋನ್ ಮಾಡಲು ಶುರುಮಾಡಿದರು. ಲೋಕಕ್ಕೆ ಅಲ್ಲಿಗೆ ವಿಷಯ ಮುಗಿಯಿತು. ಅಕ್ಕನಿಗೆ ಮುಗಿಯಲಿಲ್ಲ.

ಅಷ್ಟು ಚಂದದ ಕೆಲಸವನ್ನು ಬದಿಗೆ ತಳ್ಳಿ, ರೈತರ ಭಾಗವನ್ನು ಹಳೆಯ ಸಾದಾ ಫ್ರೇಮ್‌ವರ್ಕಿನಲ್ಲಿ ಮೊದಲಿಂದ ಬರೆದರು. ತೆಗೆದ ಕೂಡಲೇ ತಾರೀಕು, ದಪ್ಪ ಅಕ್ಷರದಲ್ಲಿ, ಅದರ ಪಕ್ಕ ಹುಳದ ಚಿತ್ರ. ಒಂದು ಕಡ್ಡಿ ಸಿಗ್ನಲ್ಲಿನಲ್ಲೂ ತೆರೆದುಕೊಳ್ಳುತ್ತಿತ್ತು. ಅದಕ್ಕೆಂದೇ ಅಕ್ಕ ಪಂಪ್‌ಸೆಟ್ಟುಗಳ ಹತ್ತಿರ ಹೋಗಿ ಹೋಗಿ ನೋಡಿ ಬಂದರು. ಮುಗಿದ ಮೇಲೂ ಅದನ್ನು ಬಿಡುಗಡೆ ಮಾಡಲು ಒಪ್ಪಲಿಲ್ಲ. ‘ಮೊದ್ಲು ಆವಮ್ಮ ಬಂದು ನಡೀಲಿ. ತೋಟಕ್ಕೋಗಿ ಕೇಳುದ್ರೆ ನಾಚ್ಕೆಗೆ ಎಲ್ಲಾ ಸರಿ ಅಂದ್ಬುಡ್ತಾಳೆ, ಕಾಲು ಸುಳ್ ಹೇಳಾಕಿಲ್ಲ’ ಎಂದರು. ಕೋಣೆಯ ಒಂದು ಮೂಲೆಯಲ್ಲಿ ಆಕೆಗಾಗಿಯೇ ಚೌಕಗಳನ್ನು ಬರೆದಿಟ್ಟರು, ಆ ಮೂಲೆಗೆ ಪೊರಕೆ ತಾಗಿಸಬಾರದೆಂದು ನನಗೆ ಕಟ್ಟಪ್ಪಣೆ. ಮಾಸಿದರೆ ತಾವೇ ಮಂಡಿಯೂರಿ ಮತ್ತೆ ತಿದ್ದುತ್ತಿದ್ದರು.

ಆಕೆಗೆ ಫೋನ್ ಮಾಡುತ್ತಿದ್ದರು. ‘ಒಸಿ ಬಂದೋಗವ್ವ ನಮ್ ಆಫೀಸ್‌ಗೆ.’ ಆ ಕಡೆಯಿಂದ, ‘ಬತ್ತೀನಿ ಕಣವ್ವ, ಹುಳ ಜ್ವರಕ್ ಕೂತವೆ, ಏಳ್ಲಿ.’ ಇನ್ನೊಂದು ಸಲ, ‘ಹುಳ ಹಣ್ಣಾಗವೆ, ಗೂಡು ಕಟ್ಟಕ್ಕೆ ಚಂದ್ರಿಕೆಗ್ ಬುಡ್ಬೇಕು.’ ನನಗೆ ತಾಳ್ಮೆ ಕೆಟ್ಟಿತು. ‘ಅವ್ರು ಬರಲ್ಲ ಅಕ್ಕಾ, ಮೊಬೈಲ್ ಸಹವಾಸವೇ ಸಾಕು ಅನ್ಸಿರುತ್ತೆ. ಬಿಡುಗಡೆ ಮಾಡಿಬಿಡೋಣ’ ಎಂದೆ. ‘ಬರದೆ ಹೋದ್ರೆ ಬ್ಯಾಡ. ಅವ್ಳು ನಡೀದೆ ನಾನ್ ಬುಡಾಕಿಲ್ಲ’ ಎಂದರು ಅಕ್ಕ. ಮೊದಲ ಬಾರಿಗೆ ಅವರ ದನಿಯಲ್ಲಿ ಸಿಡುಕಿತ್ತು. ಅಲ್ಲಿಂದ ಮುಂದೆ ಹೊಸ ಗಿರಾಕಿ ಬಂದರೆ ಸೀಮೆಸುಣ್ಣವನ್ನು ನನ್ನ ಕೈಗೆ ಕೊಡತೊಡಗಿದರು. ‘ನೀನೇ ನೋಡೇ ಯಾವ್ದು ಸರಿ ಅಂತ. ನಂಗ್ ಈಗ ಕಾಲು ತಿಳಿಯಾಕಿಲ್ಲ’ ಎನ್ನುತ್ತಿದ್ದರು. ಹಾಗೆ ಹೇಳುವಾಗ ಅವರ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಹೊಟ್ಟೆನೋವು ಎಂದು ಒಂದು ದಿನ ರಜೆ ಹಾಕಿದರು. ಅಕ್ಕ ರಜೆ ಹಾಕಿದ್ದು ಅದೇ ಮೊದಲು, ನಾನು ಗೇಲಿ ಮಾಡಿದ್ದೆ. ಆಮೇಲೆ ಆಸ್ಪತ್ರೆ, ಬೇರೆ ಆಸ್ಪತ್ರೆ, ಬೆಂಗಳೂರು. ನೋಡಲು ಹೋದಾಗಲೆಲ್ಲ ‘ಆವಮ್ಮ ಬಂದಿದ್ಲಾ?’ ಎಂದು ಕೇಳುತ್ತಿದ್ದರು. ಇಲ್ಲ ಅಕ್ಕಾ ಎನ್ನುತ್ತಿದ್ದೆ. ‘ಮೂಲೆ ಗುಡ್ಸಬ್ಯಾಡ’ ಎನ್ನುತ್ತಿದ್ದರು. ಬಂದಿದ್ದಳು ಎಂದು ಒಂದು ಸುಳ್ಳು ಹೇಳಬಹುದಿತ್ತು. ಆದರೆ ಆಕೆ ಎಲ್ಲಿ ನಿಂತಳು, ಎಲ್ಲಿ ತಡವರಿಸಿದಳು ಎಂದು ಅಕ್ಕ ಕೇಳದೆ ಬಿಡುತ್ತಿರಲಿಲ್ಲ. ಮಾವಿನ ಕಾಲ ಮುಗಿಯುವ ಮೊದಲೇ ಅಕ್ಕ ಹೋದರು. ವಿರೂಪಾಕ್ಷಿಪುರದ ಅವರ ಹೊಲದಲ್ಲೇ ಮಣ್ಣು ಮಾಡಿದರು. ಗೊಂಬೆ ಅಂಗಡಿಯವರು ಬಂದು ದೂರದಲ್ಲಿ ಕೈಕಟ್ಟಿ ನಿಂತಿದ್ದರು.

ಆಫೀಸನ್ನು ನಾನೇ ನಡೆಸುತ್ತಿದ್ದೆ. ಬೇರೆ ಕಡೆ ನೆಲ ಒರೆಸುತ್ತಿದ್ದೆ, ಆ ಮೂಲೆ ಬಿಟ್ಟು. ಗೆರೆ ಮಾಸಿದಾಗ ನಾನೇ ಮಂಡಿಯೂರಿ ತಿದ್ದುತ್ತಿದ್ದೆ. ಒಂದು ದಿನ ಮಧ್ಯಾಹ್ನ ಬಾಗಿಲಲ್ಲಿ ಯಾರೋ ನಿಂತಂತಾಯಿತು. ಆಕೆ. ಕಂಕುಳಲ್ಲಿ ಮಡಿಚಿದ ಖಾಲಿ ಗೂಡಿನ ಚೀಲ, ಸೀರೆಯ ತುಂಬ ರೇಷ್ಮೆಯ ನವಿರು.

‘ಗೂಡು ಹಾಕಕ್ ಬಂದಿದ್ದೆ. ಇವತ್ತು ಬೇಗ ಹರಾಜಾಯ್ತು. ಆವಮ್ಮ ಅಷ್ಟು ಕರೀತಿತ್ತಲ್ಲ, ಓಗ್ಬುಟ್ಟು ಬರಾನ ಅಂತ ಬಂದೆ. ಎಲ್ಲವ್ವ ಅವ್ರು?’

ಹೇಳಿದೆ. ಆಕೆ ಹೊಸ್ತಿಲ ಮೇಲೇ ಕುಸಿದು ಕೂತಳು. ‘ಅಯ್ಯೋ ನನ್ ಕಂದ, ಚಿಕ್ ವಯಸ್ಸು’ ಎಂದಳು. ಆಮೇಲೆ, ‘ಅದೇನೋ ನಡೀಬೇಕು ಅಂತಿತ್ತಲ್ಲವ್ವ, ಏನದು?’ ಎಂದು ಕೇಳಿದಳು. ಮೂಲೆ ತೋರಿಸಿದೆ. ಆಕೆ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ, ರಂಗೋಲಿ ತುಳಿಯುವವಳ ಹಾಗೆ ಅಂಜುತ್ತಾ ಮೊದಲ ಚೌಕದಲ್ಲಿ ಕಾಲಿಟ್ಟಳು. ‘ಇಲ್ಲೇನು?’ ‘ತಾರೀಕು ಅವ್ವ. ತೆಗೆದ ಕೂಡ್ಲೇ ಕಾಣುತ್ತೆ.’ ‘ಆಮ್ಯಾಕೆ?’ ‘ಗಾಡಿ ಬಂದಾಗ ನೀವು ಇರ್ತೀರಾ ಇಲ್ವಾ ಅಂತ ಒತ್ತೋದು. ಇಲ್ಲ ಅಂದ್ರೆ ಗಾಡಿ ಬರಲ್ಲ.’ ಎರಡನೆಯ ಚೌಕದಲ್ಲಿ ನಿಂತು ಯೋಚಿಸಿದಳು. ‘ಅಷ್ಟೇಯಾ?’ ಎಂದಳು. ‘ಅಷ್ಟೇ ಅವ್ವ.’

‘ಇಷ್ಟೇ ತಾನೆ ನಮಗ್ ಬೇಕಾಗಿದ್ದು’ ಎಂದಳು ಆಕೆ. ಸುತ್ತ ನೋಡಿದಳು, ಮುಚ್ಚಿದ್ದ ಕಿಟಕಿಯ ಹತ್ತಿರ ಹೋಗಿ ಅದನ್ನು ತಳ್ಳಿ ಕೆಳಗೆ ಇಣುಕಿದಳು. ಖಾಲಿ ಆಟೋಗಳು ಮಾರ್ಕೆಟ್ಟಿನಿಂದ ವಾಪಸ್ ಹೋಗುತ್ತಿದ್ದವು. ‘ಇದನ್ನ ಮೊದ್ಲು ಕಟ್ಟುವಾಗ್ಲೇ ಒಂದ್ ಮಾತು ಕೂಗಿದ್ರೆ ಬತ್ತಿರ್ನಿಲ್ವಾ ನಾನು? ಬೆಳೆ ಎದ್ದಾಗೆಲ್ಲ ಇದೇ ರೋಡ್ನಾಗೇ ಓಡಾಡ್ತೀನಲ್ಲವ್ವ. ಇಲ್ಲೇ ಕೆಳಗೇ.’

ಬೈಗುಳವಲ್ಲ, ಆಕ್ಷೇಪವೂ ಅಲ್ಲ, ಸುಮ್ಮನೆ ಹೇಳಿದ ಮಾತು. ಇಷ್ಟು ವರ್ಷ ಬೆಳಗ್ಗೆ ಬೆಳಗ್ಗೆ ನಾವು ಮುಚ್ಚುತ್ತಾ ಬಂದ ಕಿಟಕಿ ಅದು. ಅಕ್ಕ ಇದ್ದಿದ್ದರೆ ಈ ಮಾತಿಗೆ ಅಳುತ್ತಿದ್ದರು, ಆಮೇಲೆ ನಗುತ್ತಿದ್ದರು, ಆಮೇಲೆ ಆಕೆಗೆ ಮುದ್ದೆ ಬಡಿಸುತ್ತಿದ್ದರು. ನಾನು ಟೀ ತರಿಸಿದೆ.

ಆಕೆ ಹೋದ ಮೇಲೆ ಕೂತು ಸೈಟನ್ನು ಬಿಡುಗಡೆ ಮಾಡಿದೆ. ಕಿಟಕಿ ಮುಚ್ಚಲಿಲ್ಲ. ಇನ್ನು ಮೂಲೆ ಗುಡಿಸಬಹುದಲ್ಲ ಎಂದು ಪೊರಕೆ ಹಿಡಿದು ಹೋದೆ. ಅಕ್ಕನ ಚೌಕಗಳ ಮೇಲೆ ಆಕೆಯ ಅಂಗಾಲಿನ ಗುರುತು ಸ್ಪಷ್ಟವಾಗಿ ಬಿದ್ದಿತ್ತು, ಎಲ್ಲಿ ನಿಂತಳು, ಎಲ್ಲಿ ತಿರುಗಿದಳು ಎಲ್ಲವೂ ಕಾಣುತ್ತಿತ್ತು. ಅಕ್ಕ ಕೊನೆಯವರೆಗೂ ನೋಡಬೇಕೆಂದಿದ್ದ ಕಾಲು ಅದು. ಅವರ ಬದಲು ನಾನೇ ಮಂಡಿಯೂರಿ ಕೂತು ಬಹಳ ಹೊತ್ತು ನೋಡಿದೆ.